ಪದವಿಯ ಮೊದಲ ವಾರಗಳು

ದ್ವಿತೀಯ ಪಿಯುಸಿವರೆಗೆ ಓದು ಬಹುಮಟ್ಟಿಗೆ ನಿಗದಿತ ಪಠ್ಯಪುಸ್ತಕ, ತರಗತಿಯ ನೋಟ್ಸ್ ಮತ್ತು ಹಳೆಯ ಪ್ರಶ್ನೆಪತ್ರಿಕೆಗಳನ್ನು ನೆಚ್ಚಿರುತ್ತದೆ. ಪದವಿಯಲ್ಲಿ ಒಂದೇ ವಿಷಯಕ್ಕೆ ನಾಲ್ಕಾರು ಪರಾಮರ್ಶನ ಗ್ರಂಥಗಳು. ಯಾವುದನ್ನು ಎಷ್ಟು ಓದಬೇಕೆಂದು ವಿದ್ಯಾರ್ಥಿಯೇ ತೀರ್ಮಾನಿಸಬೇಕು. ಸೆಮಿಸ್ಟರ್ ಪದ್ಧತಿಯಲ್ಲಿ ಆಂತರಿಕ ಪರೀಕ್ಷೆಗಳು ಬೇಗ ಎದುರಾಗುವುದರಿಂದ ಹೊಂದಿಕೊಳ್ಳಲು ಸಮಯವೂ ಕಡಿಮೆ.

ಈ ಅಂತರ ತುಂಬಲು ಗಾಂಧಿನಗರದ ಐಐಟಿ 2011ರಲ್ಲಿ ಐದು ವಾರಗಳ ಬುನಾದಿ ಕಾರ್ಯಕ್ರಮ ಆರಂಭಿಸಿತು. ಬಳಿಕ ಎಐಸಿಟಿಇ ತಾಂತ್ರಿಕ ಕಾಲೇಜುಗಳಿಗೆ ಮೂರು ವಾರಗಳ ಕಾರ್ಯಕ್ರಮ ರೂಪಿಸಿತು. 2019ರಲ್ಲಿ ಯುಜಿಸಿ ‘ದೀಕ್ಷಾರಂಭ’ ಮಾರ್ಗಸೂಚಿ ಹೊರತಂದಿತು. ಹೊಸಬರನ್ನು ಸಣ್ಣ ಗುಂಪುಗಳಾಗಿಸಿ, ಪ್ರತಿ ಗುಂಪಿಗೂ ಒಬ್ಬ ಅಧ್ಯಾಪಕರನ್ನು ಮಾರ್ಗದರ್ಶಕರನ್ನಾಗಿ ಕೊಡುವುದು ಇದರ ತಿರುಳು. ಸ್ವಾಗತ ಸಮಾರಂಭದಲ್ಲೇ ಇದು ಮುಗಿದುಹೋದರೆ ಮಕ್ಕಳಿಗೆ ದಕ್ಕುವುದು ಏನೂ ಇಲ್ಲ.

ಕನ್ನಡ ಮಾಧ್ಯಮದಿಂದ ಬಂದವರ ತೊಡಕು ಬೇರೆಯೇ. ವಿಷಯ ಗೊತ್ತಿದ್ದರೂ ಇಂಗ್ಲಿಷಿನ ಪಾರಿಭಾಷಿಕ ಪದಗಳು ಅಡ್ಡ ನಿಲ್ಲುತ್ತವೆ. ಇದನ್ನು ಬುದ್ಧಿಯ ಕೊರತೆಯೆಂದು ಎಣಿಸುವುದು ದೊಡ್ಡ ಅನ್ಯಾಯ. ಪ್ರತಿ ಅಧ್ಯಾಯಕ್ಕೂ ಎರಡೂ ಭಾಷೆಗಳ ಪದಪಟ್ಟಿ ಮಾಡಿಕೊಳ್ಳುವುದು, ಮೊದಲು ಕನ್ನಡದಲ್ಲಿ ಅರ್ಥಮಾಡಿಕೊಂಡು ಆಮೇಲೆ ಇಂಗ್ಲಿಷಿನಲ್ಲಿ ಬರೆಯುವುದು, ಪಾಠವಾದ ದಿನವೇ ನೋಟ್ಸನ್ನು ಸ್ವಂತ ಮಾತಿನಲ್ಲಿ ತಿದ್ದಿಡುವುದು ಇಂಥವರಿಗೆ ನೆರವಾಗುತ್ತವೆ. ಅಸೈನ್‌ಮೆಂಟಿನಲ್ಲಿ ಇನ್ನೊಬ್ಬರ ಬರಹ ಬಳಸಿದರೆ ಮೂಲವನ್ನು ಹೆಸರಿಸಬೇಕೆಂಬ ನಿಯಮವನ್ನೂ ಮೊದಲ ವಾರದಲ್ಲೇ ತಿಳಿಸಬೇಕು. ಅನೇಕರು ಅದನ್ನು ಕೇಳುವುದು ಅಂಕ ಕಳೆದುಕೊಂಡ ಮೇಲೆ.