ಭಾರ ಹೊರದ ಬೆರಳಿಗೂ ಸವೆತವೇಕೆ?

ಪ್ರಶ್ನೆ: ದಪ್ಪಗಿರುವವರ ಮಂಡಿ ಮೈಭಾರದಿಂದ ಸವೆಯುತ್ತದೆ ಎನ್ನುತ್ತಾರೆ. ಹಾಗಾದರೆ ಅವರಲ್ಲಿ ಕೈಬೆರಳ ಗೆಣ್ಣುಗಳ ಸವೆತವೂ ಹೆಚ್ಚೇಕೆ?

ಉತ್ತರ: ಸಂಶೋಧಕರು ಕೊಬ್ಬಿನತ್ತ ತಿರುಗಿ ನೋಡುವಂತೆ ಮಾಡಿದ್ದು ಇದೇ ಪ್ರಶ್ನೆ. ಕೊಬ್ಬು ಬರೀ ದಾಸ್ತಾನಲ್ಲ, ಅದು ಹಾರ್ಮೋನುಗಳನ್ನೂ ಸ್ರವಿಸುತ್ತದೆ. ಅವುಗಳಲ್ಲಿ ಮುಖ್ಯವಾದದ್ದು ಲೆಪ್ಟಿನ್. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಇದನ್ನು ಪತ್ತೆಹಚ್ಚಿತು. ಮೈಯಲ್ಲಿ ಕೊಬ್ಬು ಸಾಕಷ್ಟಿದೆಯೆಂದು ಮಿದುಳಿಗೆ ತಿಳಿಸುವುದು ಅದರ ಕೆಲಸ. ಕೊಬ್ಬು ಹೆಚ್ಚಿದರೆ ರಕ್ತದಲ್ಲಿ ಲೆಪ್ಟಿನ್ನೂ ಹೆಚ್ಚುತ್ತದೆ. ರಕ್ತ ಬೆರಳಿಗೂ ಹರಿಯುತ್ತದಲ್ಲ! ಕೀಲಿನ ದ್ರವಕ್ಕೆ ಇಳಿದ ಲೆಪ್ಟಿನ್ ಮೃದ್ವಸ್ಥಿಯ ಕೋಶಗಳನ್ನು ಕೆರಳಿಸುತ್ತದೆ. ಆಗ ಅವು ಮೃದ್ವಸ್ಥಿಯನ್ನು ಹಿಡಿದಿಡುವ ಕೊಲಾಜೆನ್ ಎಳೆಗಳನ್ನು ಕತ್ತರಿಸುವ ಕಿಣ್ವಗಳನ್ನು ಹೊರಬಿಡುತ್ತವೆ, ಉರಿಯೂತ ಏಳುತ್ತದೆ. ಮಂಡಿಯಲ್ಲಂತೂ ಚಿಪ್ಪಿನ ಕೆಳಗೇ ಕೊಬ್ಬಿನ ಮೆತ್ತೆಯೊಂದಿದ್ದು, ಅದೂ ಇಂಥ ರಸಾಯನಗಳನ್ನು ನೇರವಾಗಿ ಕೀಲಿಗೆ ಒಸರಿಸುತ್ತದೆ.

ನನಗೆ ಅತ್ಯಂತ ಮನವರಿಕೆಯಾದ ಸಾಕ್ಷ್ಯ ಇಲಿಗಳದ್ದು. ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದ ಇಲಿಗಳು ವಿಪರೀತ ದಪ್ಪವಾಗುತ್ತವೆ. ಆದರೂ 2009ರ ಪ್ರಯೋಗವೊಂದರಲ್ಲಿ ಅವುಗಳ ಮಂಡಿ ತೆಳ್ಳಗಿನ ಇಲಿಗಳ ಮಂಡಿಗಿಂತ ಹೆಚ್ಚು ಸವೆದಿರಲಿಲ್ಲ. ಭಾರವೊಂದೇ ಕಾರಣವಾಗಿದ್ದರೆ ಹೀಗಾಗುತ್ತಿರಲಿಲ್ಲ.

ಅಡಿಪೊನೆಕ್ಟಿನ್ ಎಂಬ ಇನ್ನೊಂದು ಹಾರ್ಮೋನು ಕೀಲನ್ನು ಕಾಯುತ್ತದೋ ಕೆಡಿಸುತ್ತದೋ ಎಂಬ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ಬೆರಳ ಸವೆತಕ್ಕೆ ವಯಸ್ಸು, ವಂಶವಾಹಿ, ಮುಟ್ಟು ನಿಲ್ಲುವ ಹಂತವೂ ಕಾರಣವಾಗಬಹುದು. ಹಾಗಾಗಿ ತೆಳ್ಳಗಿರುವವರಿಗೂ ಅದು ಬರುತ್ತದೆ. ಮಂಡಿನೋವಿರುವ ಸ್ಥೂಲಕಾಯದವರು ವ್ಯಾಯಾಮದ ಜೊತೆ ಮೈತೂಕದ ನೂರಕ್ಕೆ 10ರಷ್ಟು ಇಳಿಸಿದರೂ ನೋವು ಗಮನಾರ್ಹವಾಗಿ ತಗ್ಗುತ್ತದೆ, ರಕ್ತದಲ್ಲಿನ ಉರಿಯೂತದ ಗುರುತುಗಳೂ ಇಳಿಯುತ್ತವೆ.