ತಂಟೆಯಲ್ಲ, ಸೋಮಾರಿತನವೂ ಅಲ್ಲ: ಎಡಿಎಚ್‌ಡಿ ಮಕ್ಕಳ ಓದಿನ ಪಾಡು

ಬೆಂಗಳೂರು: ಹೀಗೊಂದು ದೃಶ್ಯವನ್ನು ಕಲ್ಪಿಸಿಕೊಳ್ಳಿ. ಮೊಬೈಲ್ ಪರದೆಯಲ್ಲಿ ಗಣಿತದ ಮೇಷ್ಟ್ರು ಲ.ಸಾ.ಅ., ಮ.ಸಾ.ಅ. ವಿವರಿಸುತ್ತಿದ್ದಾರೆ. ಎದುರಿಗೆ ಕುಳಿತ ಹುಡುಗನ ಕಣ್ಣು ಪರದೆಯ ಮೇಲೆಯೇ ಇದೆ. ಮನಸ್ಸು ಮಾತ್ರ ಬೀದಿಯಲ್ಲಿ ಕೂಗುತ್ತಿರುವ ಸೊಪ್ಪಿನವನ ಹಿಂದೆ ಹೊರಟುಹೋಗಿದೆ. ಹತ್ತು ನಿಮಿಷದಲ್ಲಿ ಪೆನ್ಸಿಲ್ ಎರಡು ಬಾರಿ ಕೆಳಗೆ ಬಿದ್ದಿದೆ, ನೀರು ಕುಡಿಯಲೆಂದು ಒಮ್ಮೆ ಎದ್ದೂ ಆಗಿದೆ. ‘ಒಂದು ಕಡೆ ನೆಟ್ಟಗೆ ಕೂರೋಕಾಗಲ್ವೇನೋ?’ ಎಂದು ಅಡುಗೆಮನೆಯಿಂದ ಅಮ್ಮ ಗದರುತ್ತಾರೆ. ಹುಡುಗ ತಲೆ ತಗ್ಗಿಸುತ್ತಾನೆ. ಯಾಕೆ ಆಗುವುದಿಲ್ಲವೆಂಬುದು ಅವನಿಗೂ ತಿಳಿಯದು.

2020ರ ಮಾರ್ಚ್‌ನಲ್ಲಿ ಕೊರೊನಾದಿಂದಾಗಿ ಶಾಲೆಗಳ ಬಾಗಿಲು ಮುಚ್ಚಿದ ಮೇಲೆ ಇಂತಹ ದೃಶ್ಯಗಳು ಮನೆಮನೆಯಲ್ಲೂ ಕಾಣಿಸಿಕೊಂಡವು. ಎಲ್ಲ ಮಕ್ಕಳಿಗೂ ಆ ದಿನಗಳು ಕಷ್ಟದವೇ. ಆದರೆ ಕೆಲವು ಮಕ್ಕಳಿಗೆ ಅದು ಬೇಸರದ ಮಾತಾಗಿರಲಿಲ್ಲ. ಅವರ ಮಿದುಳಿನ ಕಾರ್ಯವೈಖರಿಗೂ ಆ ಪಾಠಕ್ರಮಕ್ಕೂ ಹೊಂದಾಣಿಕೆಯೇ ಆಗುತ್ತಿರಲಿಲ್ಲ. ವೈದ್ಯರು ಎಡಿಎಚ್‌ಡಿ ಎಂದು ಕರೆಯುವ ಸಮಸ್ಯೆ ಇದು. ಪೂರ್ಣ ಹೆಸರು ಅಟೆನ್ಷನ್ ಡೆಫಿಸಿಟ್ ಹೈಪರ್‌ಆಕ್ಟಿವಿಟಿ ಡಿಸಾರ್ಡರ್. ಕನ್ನಡದಲ್ಲಿ ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಎನ್ನಬಹುದು.

ಹೊಸ ಕಾಯಿಲೆಯೇನಲ್ಲ

ಇದು ಮೊಬೈಲ್ ಯುಗದ ಸೃಷ್ಟಿ ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದು ನಿಜವಲ್ಲ. ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ 1902ರಷ್ಟು ಹಿಂದೆಯೇ, ಬುದ್ಧಿಶಕ್ತಿಗೆ ಕುಂದಿಲ್ಲದಿದ್ದರೂ ತಮ್ಮನ್ನು ತಾವು ಹಿಡಿತದಲ್ಲಿ ಇಟ್ಟುಕೊಳ್ಳಲಾಗದ ಮಕ್ಕಳ ಬಗ್ಗೆ ಉಪನ್ಯಾಸ ನೀಡಿದ್ದರು. ಈಗಿನ ಹೆಸರು ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ ಸೇರಿದ್ದು 1987ರಲ್ಲಿ. ಜಗತ್ತಿನಾದ್ಯಂತ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸುಮಾರು ಶೇ 5ರಷ್ಟು ಮಕ್ಕಳಲ್ಲಿ ಇದು ಕಂಡುಬಂದಿದೆ. ನಲವತ್ತು ಮಕ್ಕಳ ತರಗತಿಯಲ್ಲಿ ಇಬ್ಬರು ಎಂದಂತಾಯಿತು.

2007ರಲ್ಲಿ ಅಮೆರಿಕದ ವಿಜ್ಞಾನಿಗಳು ಮಕ್ಕಳ ಮಿದುಳಿನ ಸ್ಕ್ಯಾನ್‌ಗಳನ್ನು ಹೋಲಿಸಿ ನೋಡಿದರು. ಮಿದುಳಿನ ಹೊರಪದರದ ಬಹುಭಾಗ ತನ್ನ ಗರಿಷ್ಠ ದಪ್ಪವನ್ನು ತಲುಪುವುದು ಸಾಮಾನ್ಯ ಮಕ್ಕಳಲ್ಲಿ ಸುಮಾರು ಏಳೂವರೆ ವರ್ಷಕ್ಕಾದರೆ, ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಹತ್ತೂವರೆಗೆ. ವಿಳಂಬ ಹೆಚ್ಚಾಗಿ ಕಂಡದ್ದು ಗಮನ ಹಾಗೂ ಯೋಜನೆಯನ್ನು ನಿಯಂತ್ರಿಸುವ ಮುಂಭಾಗದಲ್ಲಿ. ಅಂದರೆ ‘ಬೇಕೆಂದೇ ಹೀಗೆ ಮಾಡುತ್ತಾನೆ’ ಎಂಬ ದೂರಿಗೆ ಆಧಾರವಿಲ್ಲ.

ಹುಡುಗಿಯರ ವಿಷಯದಲ್ಲಿ ಇನ್ನೊಂದು ತೊಡಕಿದೆ. ಓಡಾಟ, ಗಲಾಟೆ ಇಲ್ಲದೆ ಗಮನ ಕೊರತೆ ಮಾತ್ರ ಇದ್ದಾಗ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಕಿಟಕಿಯಾಚೆ ನೋಡುತ್ತ ಸುಮ್ಮನೆ ಕುಳಿತ ಬಾಲಕಿಗೆ ‘ಮಂದ’ ಎಂಬ ಹಣೆಪಟ್ಟಿ ಅಂಟುತ್ತದೆ, ಅಷ್ಟೇ.

ಪರದೆಯ ಪಾಠ ಏಕೆ ಕಷ್ಟ?

‘ಕ್ರಿಕೆಟ್ ಬಂದರೆ ಮೂರು ಗಂಟೆ ಅಲುಗಾಡದೆ ನೋಡುತ್ತಾನಲ್ಲ?’ ಎಂಬುದು ಪೋಷಕರ ಸಹಜ ಪ್ರಶ್ನೆ. ಉತ್ತರ ಸರಳ. ಈ ಮಕ್ಕಳಲ್ಲಿ ಗಮನ ಇಲ್ಲವೆಂದಲ್ಲ. ಅದನ್ನು ಬೇಕಾದೆಡೆಗೆ ತಿರುಗಿಸುವ ಹಿಡಿತ ಸಡಿಲವಾಗಿದೆ. ಕ್ಷಣಕ್ಷಣಕ್ಕೂ ಕುತೂಹಲ ಕೆರಳಿಸುವ ಆಟ ಗಮನವನ್ನು ತಾನಾಗಿ ಎಳೆದುಕೊಳ್ಳುತ್ತದೆ. ವರ್ಷದ ಕೊನೆಗೆ ಫಲ ಕೊಡುವ ಪಾಠಕ್ಕೆ ಆ ಶಕ್ತಿ ಇರುವುದಿಲ್ಲ.

ಇದರ ಜೊತೆಗೆ ಇನ್ನೆರಡು ತೊಂದರೆಗಳಿವೆ. ಕೇಳಿದ್ದನ್ನು ಕೆಲಸ ಮುಗಿಯುವವರೆಗೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಸಾಮರ್ಥ್ಯ ಕಡಿಮೆ. ‘ಪುಸ್ತಕ ತೆಗೆ, 54ನೇ ಪುಟ ನೋಡು, ಮೂರನೇ ಲೆಕ್ಕ ಮಾಡು’ ಎಂದರೆ ಮೊದಲನೆಯದಷ್ಟೇ ಉಳಿಯುತ್ತದೆ. ಕಾಲದ ಅಂದಾಜೂ ಸಿಗುವುದಿಲ್ಲ. ‘ಈಗ’ ಮತ್ತು ‘ಆಮೇಲೆ’ ಎಂಬ ಎರಡೇ ಹೊತ್ತು ಅವರಿಗೆ ಗೊತ್ತು.

ಶಾಲೆಯ ಕಟ್ಟಡ ಈ ಕೊರತೆಗಳನ್ನು ತಿಳಿಯದಂತೆಯೇ ತುಂಬಿಕೊಡುತ್ತದೆ. ಗಂಟೆ ಬಾರಿಸಿದರೆ ಪೀರಿಯಡ್ ಬದಲಾಯಿತೆಂದು ಗೊತ್ತಾಗುತ್ತದೆ. ಮೇಷ್ಟ್ರ ನೋಟ, ಪಕ್ಕದವನ ನೋಟ್ ಪುಸ್ತಕ, ಆಟದ ಬಿಡುವು, ಎಲ್ಲವೂ ಊರುಗೋಲುಗಳೇ. ಮನೆಯ ಪಾಠದಲ್ಲಿ ಅವು ಒಂದೇ ಸಲಕ್ಕೆ ಮಾಯವಾದವು. ಪಾಠ ಬರುವ ಫೋನಿನಲ್ಲೇ ಆಟವೂ ಇತ್ತು.

ಆ ವರ್ಷ ಪರದೆಯ ಪಾಠದ ಬಗ್ಗೆ ಸರ್ಕಾರಗಳಲ್ಲೂ ಗೊಂದಲವಿತ್ತು. 2020ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಕಿರಿಯ ತರಗತಿಗಳ ನೇರ ಆನ್‌ಲೈನ್ ಪಾಠವನ್ನು ನಿಷೇಧಿಸಿತು. ಜುಲೈನಲ್ಲಿ ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಅದೇ ತಿಂಗಳು ಕೇಂದ್ರ ಸರ್ಕಾರ ಹೊರಡಿಸಿದ ‘ಪ್ರಜ್ಞಾತ’ ಮಾರ್ಗಸೂಚಿಯು 1ರಿಂದ 8ನೇ ತರಗತಿಯವರೆಗೆ ದಿನಕ್ಕೆ ಎರಡು, 9ರಿಂದ 12ರವರೆಗೆ ನಾಲ್ಕು ಅವಧಿಗಳಿಗೆ ಮಿತಿ ಹಾಕಿತು. ಪ್ರತಿ ಅವಧಿ 30ರಿಂದ 45 ನಿಮಿಷ. ಎಡಿಎಚ್‌ಡಿ ಇರುವ ಮಗುವಿಗೆ ಆ 45 ನಿಮಿಷವೂ ದೀರ್ಘವೇ.

ಶಾಲೆಗಳು ತೆರೆದು ವರ್ಷಗಳಾದವು. ಆದರೆ ಮನೆಗೆಲಸ ವಾಟ್ಸ್ಆ್ಯಪ್‌ನಲ್ಲಿ ಬರುವುದು, ಟ್ಯೂಷನ್ ಮತ್ತು ಪ್ರವೇಶ ಪರೀಕ್ಷೆಯ ತರಬೇತಿ ಪರದೆಯಲ್ಲಿ ನಡೆಯುವುದು ನಿಂತಿಲ್ಲ. ಹೀಗಾಗಿ ಸಮಸ್ಯೆಯೂ ಉಳಿದುಕೊಂಡಿದೆ.

ಮನೆಯಲ್ಲಿ ಮಾಡಬಹುದಾದ್ದು

ದೊಡ್ಡ ಕೆಲಸವನ್ನು ಚಿಕ್ಕ ತುಂಡುಗಳಾಗಿ ಒಡೆಯುವುದು ಮೊದಲ ಹೆಜ್ಜೆ. ‘ವಿಜ್ಞಾನ ಓದು’ ಎನ್ನುವ ಬದಲು ‘ಈ ಪುಟದ ಎರಡು ಪ್ರಶ್ನೆಗೆ ಉತ್ತರ ಬರೆ’ ಎನ್ನಬೇಕು. ಒಂದು ಬಾರಿಗೆ ಒಂದೇ ಸೂಚನೆ ಸಾಕು. ಅದನ್ನು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಅಂಟಿಸಿದರೆ ಇನ್ನೂ ಒಳ್ಳೆಯದು.

ಕಾಲವನ್ನು ಕಣ್ಣಿಗೆ ಕಾಣಿಸಬೇಕು. ಮುಳ್ಳಿನ ಗಡಿಯಾರ ಅಥವಾ ಅಡುಗೆಮನೆಯ ಟೈಮರ್ ಎದುರಿಗಿಟ್ಟು ಹತ್ತರಿಂದ ಇಪ್ಪತ್ತು ನಿಮಿಷ ಓದು, ಐದು ನಿಮಿಷ ಬಿಡುವು ಎಂದು ನಿಗದಿ ಮಾಡಬಹುದು. ಬಿಡುವಿನಲ್ಲಿ ಮೊಬೈಲ್ ಬೇಡ. ಮೆಟ್ಟಿಲು ಹತ್ತಿಳಿಯಲಿ, ಹಗ್ಗದಾಟ ಆಡಲಿ. ಓದುವಾಗ ಕಾಲು ಅಲ್ಲಾಡಿಸಿದರೆ, ನಿಂತು ಓದಿದರೆ ಗದರಬಾರದು. ಎಷ್ಟೋ ಮಕ್ಕಳಿಗೆ ಆ ಚಲನೆಯೇ ಗಮನ ನಿಲ್ಲಿಸುವ ದಾರಿ.

ಪರದೆಯ ಪಾಠವಿದ್ದರೆ ಉಳಿದ ಆ್ಯಪ್‌ಗಳ ಸದ್ದಡಗಿಸಿ, ಗೋಡೆಗೆ ಮುಖ ಮಾಡಿ ಕೂರಿಸಬಹುದು. ಧ್ವನಿಮುದ್ರಿತ ಪಾಠ ಈ ಮಕ್ಕಳಿಗೆ ವರವೂ ಹೌದು: ನಿಲ್ಲಿಸಬಹುದು, ಮತ್ತೆ ಕೇಳಬಹುದು. ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತು ಹುರುಳಿಕಾಯಿ ಬಿಡಿಸುತ್ತಲೋ ಪತ್ರಿಕೆ ಓದುತ್ತಲೋ ಇದ್ದರೂ ಮಗು ಕೆಲಸದಲ್ಲಿ ನಿಲ್ಲುವುದುಂಟು. ಅವರು ಪಾಠ ಹೇಳಬೇಕೆಂದಿಲ್ಲ. ಮುಗಿಸಿದ ಕೆಲಸಕ್ಕೆ ಮೆಚ್ಚುಗೆ ಕೂಡಲೇ ಸಿಗಬೇಕು. ‘ಪರೀಕ್ಷೆ ಮುಗಿದ ಮೇಲೆ ಸೈಕಲ್’ ಎಂಬ ಮಾತು ಅವರನ್ನು ತಲುಪುವುದಿಲ್ಲ.

ಚಿಕಿತ್ಸೆ ಎಲ್ಲಿ, ಹೇಗೆ?

ರಕ್ತ ಪರೀಕ್ಷೆಯಿಂದಲೋ ಸ್ಕ್ಯಾನ್‌ನಿಂದಲೋ ಎಡಿಎಚ್‌ಡಿ ಪತ್ತೆಯಾಗದು. ಲಕ್ಷಣಗಳು 12 ವರ್ಷಕ್ಕೆ ಮುನ್ನವೇ ಕಾಣಿಸಿಕೊಂಡಿರಬೇಕು, ಆರು ತಿಂಗಳಾದರೂ ಇರಬೇಕು, ಮನೆ ಮತ್ತು ಶಾಲೆಯಂತಹ ಎರಡು ಕಡೆಯಾದರೂ ತೊಂದರೆ ಕೊಡುತ್ತಿರಬೇಕು. ಆದ್ದರಿಂದ ವೈದ್ಯರ ಬಳಿಗೆ ಹೋಗುವಾಗ ಶಿಕ್ಷಕರ ಅಭಿಪ್ರಾಯವನ್ನೂ ಬರೆಸಿಕೊಂಡು ಹೋಗುವುದು ಲೇಸು. ದೃಷ್ಟಿ, ಶ್ರವಣ, ನಿದ್ರೆಯ ತೊಂದರೆಗಳಿಲ್ಲವೆಂದೂ ಖಚಿತಪಡಿಸಿಕೊಳ್ಳಬೇಕು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯ ವಿಭಾಗವಿದೆ. ಧಾರವಾಡದ ಡಿಮ್ಹಾನ್ಸ್ ಉತ್ತರ ಕರ್ನಾಟಕದವರಿಗೆ ಸಮೀಪ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಸಲಹೆ ಪಡೆಯಬಹುದು. ಚಿಕ್ಕ ಮಕ್ಕಳಿಗೆ ಪೋಷಕರ ತರಬೇತಿಯೇ ಮೊದಲ ಚಿಕಿತ್ಸೆ. ದೊಡ್ಡವರಿಗೆ ಅಗತ್ಯವಿದ್ದರೆ ಮಿಥೈಲ್‌ಫೆನಿಡೇಟ್, ಆಟೊಮಾಕ್ಸಿಟಿನ್ ಮುಂತಾದ ಔಷಧಿಗಳಿವೆ. ಹಸಿವು, ನಿದ್ರೆ ಕಡಿಮೆಯಾಗುವಂತಹ ಅಡ್ಡಪರಿಣಾಮಗಳಿರುವುದರಿಂದ ವೈದ್ಯರ ನಿಗಾ ತಪ್ಪುವಂತಿಲ್ಲ.

ಪರೀಕ್ಷೆಯ ರಿಯಾಯಿತಿಯ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಗಳಲ್ಲಿ ಎಡಿಎಚ್‌ಡಿಗೆ ಪ್ರತ್ಯೇಕ ಸ್ಥಾನವಿಲ್ಲ. ನಿರ್ದಿಷ್ಟ ಕಲಿಕಾ ನ್ಯೂನತೆಗೆ ಇದೆ. ಇವೆರಡೂ ಒಟ್ಟಿಗೇ ಇರುವ ಮಕ್ಕಳು ಬಹಳ. ಅಂತಹವರು ಪ್ರಮಾಣಪತ್ರ ಪಡೆದರೆ ಹೆಚ್ಚುವರಿ ಸಮಯ ಕೇಳಬಹುದು. 2018ರ ಕೇಂದ್ರ ಮಾರ್ಗಸೂಚಿಯ ಪ್ರಕಾರ ಇದು ಗಂಟೆಗೆ ಕನಿಷ್ಠ 20 ನಿಮಿಷ. ತಪಾಸಣೆಗೆ ಸಮಯ ಹಿಡಿಯುವುದರಿಂದ ಹತ್ತನೇ ತರಗತಿಯ ಕೊನೆಯವರೆಗೆ ಕಾಯದೆ ಮೊದಲೇ ಶಾಲೆಯಲ್ಲಿ ವಿಚಾರಿಸುವುದು ಜಾಣತನ.

ಅಂಕ ಕಡಿಮೆಯಾದರೆ ಮತ್ತೊಮ್ಮೆ ಪರೀಕ್ಷೆ ಬರೆಯಬಹುದು. ಆದರೆ ‘ನೀನು ಸೋಮಾರಿ’ ಎಂಬ ಮಾತನ್ನು ಹತ್ತು ವರ್ಷ ಕೇಳಿ ಬೆಳೆದ ಮಗು ಅದನ್ನೇ ನಿಜವೆಂದು ನಂಬಿಬಿಡುತ್ತದೆ. ಇಂದು ಸಂಜೆ ಪೆನ್ಸಿಲ್ ಮತ್ತೆ ಕೆಳಗೆ ಬಿದ್ದಾಗ ಗದರುವ ಬದಲು ಒಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂರಬಾರದೇಕೆ?