ಡೀಸೆಲ್ ಪೈಪ್: ಹನಿ ಬೀಳದ ಸೋರಿಕೆಯೇ ಮೋಸ

ನಮ್ಮ ಮನೆಯಲ್ಲಿ ಒಂದು ಹಳೇ ಡೀಸೆಲ್ ಜೀಪಿದೆ. ಇಪ್ಪತ್ತು ವರ್ಷ ದಾಟಿದೆ. ಸಂತೆಗೂ ಅದೇ, ಗೊಬ್ಬರ ತರಲಿಕ್ಕೂ ಅದೇ, ದವಾಖಾನೆಗೂ ಅದೇ. ಕಬ್ಬಿನ ಹಂಗಾಮಿನಲ್ಲಿ ಒಂದು ರಾತ್ರಿ ಸೊಸೆಗೆ ಬ್ಯಾನಿ ಹತ್ತಿದವು. ಕುಡಚಿ ಕಡೆಯಿಂದ ಹೊಳಿ ದಾಟಿ ಉಗಾರ, ಶೇಡಬಾಳ, ಕಾಗವಾಡ ಮೇಲೆ ಮಿರಜಿಗೆ ಹೊರಟೆವು. ಶೇಡಬಾಳ ದಾಟಿದ್ದೇ ತಡ, ಜೀಪು ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಎಷ್ಟು ಸೆಲ್ಫ್ ಹೊಡೆದರೂ ಏಳಲಿಲ್ಲ. ಅರ್ಧ ತಾಸಿನ ಮೇಲೆ ಹಾಲಿನ ಗಾಡಿಯೊಂದು ಬಂದು ಸೊಸೆಯನ್ನು ಕೂರಿಸಿಕೊಂಡು ಹೋಯಿತು. ಆ ಅರ್ಧ ತಾಸು ನನ್ನ ವೈರಿಗೂ ಬರಬಾರದು.

ಸೂಚನೆ ಮೊದಲೇ ಸಿಕ್ಕಿತ್ತು. ಎರಡು ತಿಂಗಳಿಂದ ಮುಂಜಾನೆ ಜೀಪು ಚಾಲೂ ಆಗಲು ಸತಾಯಿಸುತ್ತಿತ್ತು, ಏರು ಹತ್ತುವಾಗ ಎಳೆಯುತ್ತಿರಲಿಲ್ಲ. ಒಬ್ಬ ಮಿಸ್ತ್ರಿಯ ಮಾತು ಕೇಳಿ ಪಂಪ್, ನಾಝಲ್ ಎಲ್ಲಾ ಬಿಚ್ಚಿಸಿ 14 ಸಾವಿರ ರೂಪಾಯಿ ಸುರಿದಿದ್ದೆ. ರೋಗ ಹೋಗಲಿಲ್ಲ. ಪೈಪ್ ಮೇಲೆ ನನಗೆ ಅನುಮಾನವೇ ಬರಲಿಲ್ಲ, ಯಾಕೆಂದರೆ ಗಾಡಿ ಕೆಳಗೆ ಒಂದು ಹನಿಯೂ ಬೀಳುತ್ತಿರಲಿಲ್ಲ.

ಮರುದಿನ ಜೀಪು ಎಳೆದು ತಂದ ಮೇಲೆ ಅಥಣಿ ಕಡೆ ಪಂಪ್‌ಸೆಟ್ ರಿಪೇರಿ ಮಾಡುವ ಹಿರಿಯರೊಬ್ಬರು ಬಂದರು. ಕೆಳಗೆ ಮಲಗಿ ಟಾಕಿಯಿಂದ ಬರುವ ಪೈಪ್ ಸವರಿ ನೋಡಿ ಎದ್ದರು. ‘ಅಣ್ಣಾ, ಹೊರಗ ಸೋರಿದ್ರ ರೊಕ್ಕ ಹೋಗತೈತಿ. ಒಳಗ ಗಾಳಿ ಎಳದ್ರ ಗಾಡೀನ ನಿಲ್ಲತೈತಿ. ನಿಂದು ಎರಡನೇದು’ ಅಂದರು.

ಹನಿ ಯಾಕೆ ಬೀಳಲಿಲ್ಲ?

ಡೀಸೆಲ್ ಹೋಗುವ ದಾರಿ ತಿಳಿದರೆ ಇದು ಅರ್ಥವಾಗುತ್ತದೆ. ಟಾಕಿಯಿಂದ ಇಂಜಿನ್ ಪಕ್ಕದ ಸಣ್ಣ ಫೀಡ್ ಪಂಪು ಡೀಸೆಲ್ ಎಳೆಯುತ್ತದೆ. ಅಲ್ಲಿಂದ ಫಿಲ್ಟರ್, ಆಮೇಲೆ ದೊಡ್ಡ ಪಂಪು, ಆಮೇಲೆ ದಪ್ಪ ಗೋಡೆಯ ಉಕ್ಕಿನ ಪೈಪಿನಲ್ಲಿ ನಾಝಲ್. ಉಳಿದದ್ದು ರಿಟರ್ನ್ ಪೈಪಿನಲ್ಲಿ ಟಾಕಿಗೆ ವಾಪಸ್. ಟಾಕಿಯಿಂದ ಫೀಡ್ ಪಂಪಿನವರೆಗೆ ಇರುವುದು ಎಳೆಯುವ ಪೈಪು. ಅದರಲ್ಲಿ ಕೂದಲೆಳೆಯಷ್ಟು ಸೀಳಿದ್ದರೂ ಡೀಸೆಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ರಾತ್ರಿ ಗಾಡಿ ನಿಂತಾಗ ಆ ಗಾಳಿಯಿಂದ ಡೀಸೆಲ್ ಟಾಕಿಗೆ ಇಳಿದುಬಿಡುತ್ತದೆ. ಮುಂಜಾನೆ ಚಾಲೂ ಆಗದಿರುವುದು ಅದಕ್ಕೇ. ಫೀಡ್ ಪಂಪ್ ದಾಟಿದ ಮೇಲೆ ಸೀಳಿದ್ದರೆ ಮಾತ್ರ ಹನಿ ಕಾಣುತ್ತದೆ.

ರೊಕ್ಕ ಖರ್ಚಿಲ್ಲದ ಪರೀಕ್ಷೆ

ಒಂದು ಶುಭ್ರ ಡಬ್ಬಿಯಲ್ಲಿ ಡೀಸೆಲ್ ತುಂಬಿ ಇಂಜಿನ್ ಪಕ್ಕ ಇಟ್ಟೆವು. ಟಾಕಿಯಿಂದ ಬರುವ ಪೈಪು ಬಿಡಿಸಿ, ಫೀಡ್ ಪಂಪಿನಿಂದ ಹೊಸ ಹೋಸ್ ತುಂಡನ್ನು ನೇರ ಡಬ್ಬಿಯೊಳಗೆ ಬಿಟ್ಟೆವು. ಗಾಳಿ ತೆಗೆದು ಸೆಲ್ಫ್ ಹೊಡೆದರೆ ಜೀಪು ಹೊಸದರಂತೆ ಓಡಿತು! ಅಂದರೆ ದೋಷ ಟಾಕಿ ಮತ್ತು ಫೀಡ್ ಪಂಪಿನ ನಡುವೆ. ಪಂಪ್ ಬಿಚ್ಚಿಸುವ ಮೊದಲು ಇಷ್ಟು ಮಾಡಿದ್ದರೆ ನನ್ನ 14 ಸಾವಿರ ಉಳಿಯುತ್ತಿತ್ತು.

ಪೈಪ್ ಇಳಿಸಿದಾಗ ಕಾರಣ ಸಿಕ್ಕಿತು. 2019ರ ಆಗಸ್ಟ್‌ನ ಮಹಾಪೂರದಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ಉಕ್ಕಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಲ್ಲಾ ತಾಲೂಕಿನ ಹೊಳಿದಂಡಿ ಊರುಗಳು ಮುಳುಗಿದ್ದವು. ನಮ್ಮ ಜೀಪು ನೀರಿನಲ್ಲಿ ನಿಂತಿತ್ತು. ಆಮೇಲೆ ಇಂಜಿನ್ ಆಯಿಲ್ ಬದಲಿಸಿದೆ, ಟಾಕಿ ತೊಳೆಸಿದೆ. ಆದರೆ ಚಾಸಿಗೆ ಪೈಪ್ ಹಿಡಿದಿಡುವ ಕ್ಲಿಪ್‌ಗಳ ಒಳಗೆ ಕೂತ ಕೆಸರನ್ನು ತೆಗೆಯಲಿಲ್ಲ. ಅದು ಪಸೆ ಹಿಡಿದು ಪೈಪನ್ನು ಹೊರಗಿನಿಂದ ತಿಂದಿತ್ತು. ಉಗುರಿನಿಂದ ಕೆರೆದರೆ ತೂತು ಬಿತ್ತು.

ರಬ್ಬರ್ ಹೋಸಿನ ಗತಿಯೂ ಅಷ್ಟೇ, ಮಡಿಚಿದರೆ ಬಿರುಕು. ರಬ್ಬರಿಗೆ ವಯಸ್ಸಿದೆ. ಡೀಸೆಲ್ ಬದಲಾದರೂ ಅದಕ್ಕೆ ಪೆಟ್ಟು. ಅಮೆರಿಕದಲ್ಲಿ 1993ರಲ್ಲಿ ಗಂಧಕ ಕಡಿಮೆ ಮಾಡಿದ ಡೀಸೆಲ್ ಬಂದಾಗ ಎಷ್ಟೋ ಹಳೇ ಗಾಡಿಗಳ ರಬ್ಬರ್ ಸೀಲುಗಳು ಕುಗ್ಗಿ ಸೋರಿದ್ದವು. ನಮ್ಮಲ್ಲಿ 2020ರ ಏಪ್ರಿಲ್‌ನಿಂದ ಬಿಎಸ್-6 ಡೀಸೆಲ್ ಬಂದಿದೆ. ಅದರಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಭಾಗ ಮಾತ್ರ. ಆದ್ದರಿಂದ ಹಳೇ ಹೋಸನ್ನು ಸೋರುವತನಕ ಕಾಯದೆ ಬದಲಿಸುವುದೇ ಲೇಸು.

ಯಾವ ಪೈಪ್ ತರಬೇಕು?

ಹಳೇ ತುಂಡುಗಳನ್ನು ಚೀಲದಲ್ಲಿ ಹಾಕಿಕೊಂಡು ಚಿಕ್ಕೋಡಿಗೆ ಹೋಗಿ ಅದೇ ಅಳತೆಯ ಉಕ್ಕಿನ ಪೈಪು ಮತ್ತು ಡೀಸೆಲ್‌ಗೆಂದೇ ಮಾಡಿದ, ಒಳಗೆ ನೂಲಿನ ಹೆಣಿಗೆ ಇರುವ ಹೋಸು ತಂದೆ. ಗೌಂಡಿಗಳ ಲೆವೆಲ್ ಪೈಪು ಬೇಡ, ಡೀಸೆಲ್ ತಾಗಿ ಕಟ್ಟಿಗೆಯಂತೆ ಬಿರುಸಾಗುತ್ತದೆ. ನೀರಿನ ರಬ್ಬರ್ ಪೈಪು ಉಬ್ಬುತ್ತದೆ. ತಾಮ್ರದ ಪೈಪು ಬಗ್ಗಿಸಲು ಸಸಾರ, ಆದರೆ ಇಂಜಿನ್ ನಡುಕಕ್ಕೆ ಗಡುಸಾಗಿ ಸೀಳುತ್ತದೆ, ಡೀಸೆಲನ್ನೂ ಕೆಡಿಸುತ್ತದೆ. ಜಿ.ಐ. ಪೈಪಿನ ಸತು ಡೀಸೆಲಿನಲ್ಲಿ ಕರಗಿ ಫಿಲ್ಟರ್ ಕಟ್ಟುತ್ತದೆ. ಪೈಪು, ಹೋಸು, ಕ್ಲಾಂಪು, ತಾಮ್ರದ ವಾಷರು ಎಲ್ಲಾ ಸೇರಿ ನನಗೆ 2 ಸಾವಿರದೊಳಗೆ ಮುಗಿಯಿತು.

ಕೂಡಿಸಿದ್ದು ಹೀಗೆ

ಇಂಜಿನ್ ತಣ್ಣಗಾದ ಮೇಲೆ ಬ್ಯಾಟರಿ ವಾಯರು ಬಿಡಿಸಿದೆವು. ಬೀಡಿ ಸೇದುವವರನ್ನು ದೂರ ಕಳಿಸಿದೆವು. ಗಾಡಿಯನ್ನು ಬರೀ ಜಾಕ್ ಮೇಲೆ ನಂಬದೆ ಕಟ್ಟಿಗೆ ದಿಮ್ಮಿ ಕೊಟ್ಟೆವು. ಟಾಕಿ ಖಾಲಿ ಮಾಡಿ, ಜೋಡುಗಳ ಕೆಸರು ಒರೆಸಿ ಆಮೇಲೆ ಪಾನಾ ಹಚ್ಚಿದೆವು. ಬಿಚ್ಚಿದ ಬಾಯಿಗಳನ್ನು ಪ್ಲಾಸ್ಟಿಕ್ ಹಾಳೆಯಿಂದ ಕಟ್ಟಿದೆವು. ಹತ್ತಿ ವೇಸ್ಟ್ ತುರುಕಿದರೆ ಎಳೆ ಒಳಗೆ ಹೋಗುತ್ತದೆ.

ಹಳೇ ಪೈಪು ಹೋಗಿದ್ದ ದಾರಿಯಲ್ಲೇ ಹೊಸದು. ಸೈಲೆನ್ಸರಿನಿಂದ ದೂರ. ಹೋಸು ಏರಿಸುವ ಉಕ್ಕಿನ ಪೈಪಿನ ತುದಿಗೆ ಸಣ್ಣ ಉಬ್ಬು ಮಾಡಿಸಿದರೆ ಹೋಸು ಜಾರುವುದಿಲ್ಲ. ಪ್ರತಿ ಕ್ಲಿಪ್‌ನಲ್ಲಿ ರಬ್ಬರ್ ತುಂಡು. ಚಾಸಿಯಿಂದ ಇಂಜಿನ್ನಿಗೆ ಹೋಗುವ ಹೋಸು ಬಿಗಿ ಇರಬಾರದು, ಇಂಜಿನ್ ಅಲುಗುತ್ತದೆ. ವಾಷರುಗಳು ಹೊಸವೇ ಇರಲಿ. ರಿಟರ್ನ್ ಹೋಸನ್ನೂ ಅದೇ ಕೈಯಲ್ಲಿ ಬದಲಿಸಿದೆವು.

ಆಮೇಲೆ ಗಾಳಿ ತೆಗೆಯುವುದು. ಟಾಕಿಗೆ ಡೀಸೆಲ್ ಹಾಕಿ, ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಹ್ಯಾಂಡ್ ಪಂಪ್ ಒತ್ತುತ್ತಾ ಹೋದೆವು. ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಬಿಗಿ ಮಾಡಿದೆವು. ಕೊನೆಗೆ ಜೋಡುಗಳನ್ನು ಒಣಗಿಸಿ ಒರೆಸಿ ಸೀಮೆಸುಣ್ಣದ ಪುಡಿ ಉದುರಿಸಿದೆವು. ಒತ್ತಡದ ಕಡೆ ಸೋರಿದರೆ ಪುಡಿ ಕಪ್ಪಾಗುತ್ತದೆ.

ಇಲ್ಲಿ ಮಾತ್ರ ಕೈ ಹಾಕಬೇಡ್ರಿ

ದೊಡ್ಡ ಪಂಪಿನಿಂದ ನಾಝಲಿಗೆ ಹೋಗುವ ಪೈಪಿನಲ್ಲಿ ಒಂದು ಚದರ ಸೆಂಟಿಮೀಟರಿಗೆ ನೂರು ಕಿಲೋ ಮೀರಿದ ಒತ್ತಡ ಇರುತ್ತದೆ. ಅದಕ್ಕೆ ರಬ್ಬರ್ ಪೈಪು, ಎಂ-ಸೀಲ್ ನಡೆಯುವುದಿಲ್ಲ. ಕಂಪನಿ ಪೈಪೇ ಬೇಕು. ಅಲ್ಲಿ ಸೋರಿದರೆ ಇಂಜಿನ್ ಓಡುವಾಗ ಬೆರಳಿಟ್ಟು ನೋಡಬಾರದು, ರಟ್ಟು ಹಿಡಿದು ನೋಡಬೇಕು. ಆ ಚಿಮ್ಮು ಚರ್ಮ ತೂರಿ ಒಳಗೆ ಹೋಗುತ್ತದೆ. ಮೊದಲು ಮುಳ್ಳು ಚುಚ್ಚಿದಷ್ಟೇ ಕಾಣುತ್ತದೆ, ಕೆಲವೇ ತಾಸಿನಲ್ಲಿ ಬೆರಳೇ ಹೋಗಬಹುದು. ಹಾಗಾದರೆ ಕೂಡಲೇ ಶಸ್ತ್ರಚಿಕಿತ್ಸೆ ಇರುವ ದವಾಖಾನೆಗೆ ಹೋಗಿ ‘ಒತ್ತಡದ ಡೀಸೆಲ್ ಒಳಗೆ ಹೋಗಿದೆ’ ಎಂದೇ ಹೇಳ್ರಿ. ಈಗಿನ ಕಾಮನ್ ರೈಲ್ ಗಾಡಿಗಳಲ್ಲಿ ಈ ಒತ್ತಡ ಇನ್ನೂ ಎಷ್ಟೋ ಪಟ್ಟು. ಅವನ್ನು ಮನೆಯಲ್ಲಿ ಬಿಚ್ಚಲೇಬಾರದು.

ಈಗ ಹದಿನೈದು ದಿನ ನಿಲ್ಲಿಸಿದರೂ ಜೀಪು ಒಂದೇ ಸೆಲ್ಫಿಗೆ ಏಳುತ್ತದೆ. ಆ ರಾತ್ರಿ ಮಿರಜಿನಲ್ಲಿ ಹುಟ್ಟಿದ ಮೊಮ್ಮಗಳು ಸುಖವಾಗಿದ್ದಾಳೆ, ಅಂಗಳದಲ್ಲಿ ಅಂಬೆಗಾಲಿಡುತ್ತಾಳೆ. ಅದು ಹಾಲಿನ ಗಾಡಿಯವನ ಪುಣ್ಯ, ನನ್ನ ಶಾಣ್ಯಾತನ ಅಲ್ಲ.

ಹಳೇ ಟ್ರ್ಯಾಕ್ಟರಿಗೂ ಡೀಸೆಲ್ ಪಂಪ್‌ಸೆಟ್ಟಿಗೂ ಇದೇ ಮಾತು. ಗಾಡಿ ಮಹಾಪೂರ ಕಂಡಿದ್ದರಂತೂ ತಡ ಮಾಡಬೇಡ್ರಿ. ಬಿಡುವಾದಾಗ ಗಾಡಿ ಕೆಳಗೆ ಒಂದು ಗೋಣಿಚೀಲ ಹಾಸಿ ಮಲಗ್ರಿ, ಬ್ಯಾಟರಿ ಹಿಡಿದು ಕ್ಲಿಪ್ ಒಂದೊಂದನ್ನೂ ಸಡಿಲಿಸಿ ನೋಡ್ರಿ. ಹನಿ ಇಲ್ಲವೆಂದು ಸುಮ್ಮನೆ ಏಳಬೇಡ್ರಿ.